ಅಂಗಡಿ ಸ್ಕ್ಯಾನರ್ ತೆಗೆದಿಟ್ಟಿದ್ದೇನೆ. ಮತ್ತೆ ಹಾಕಲಾ, ಬೇಡ್ವಾ?

ಕಾಂಡಿಮೆಂಟ್ಸ್_ಅಣ್ಣ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನನ್ನದೊಂದು ಸಣ್ಣ ಕಾಂಡಿಮೆಂಟ್ಸ್ ಅಂಗಡಿ ಇದೆ. ಬನ್ನು, ಬಿಸ್ಕತ್ತು, ಹಾಲು, ಸಿಗರೇಟು, ನೀರಿನ ಬಾಟಲಿ, ಒಂದು ಮೂಲೆಯಲ್ಲಿ ಟೀ. 2025ರ ಜುಲೈನಲ್ಲಿ ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ನೋಡಿ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿ ಗಲಾಟೆ ಆಯ್ತಲ್ಲ, ಆಗ ನಮ್ಮ ಬೀದಿಯಲ್ಲೂ ಒಬ್ಬರಿಗೆ ನೋಟಿಸ್ ಬಂತು. ನನಗೆ ಬಂದಿರಲಿಲ್ಲ. ಆದರೂ ಹೆದರಿಕೆಯಿಂದ ಸ್ಕ್ಯಾನರ್ ಕಿತ್ತು ಒಳಗಿಟ್ಟೆ. 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದೆ.

ಈಗ ಪರಿಸ್ಥಿತಿ ಏನಪ್ಪಾ ಅಂದ್ರೆ, ಹತ್ತಿರದ ಪಿಜಿ ಹುಡುಗರು ಬಂದು ಚೀಟಿ ನೋಡಿ ಹಾಗೇ ಎದುರಿನ ಅಂಗಡಿಗೆ ಹೋಗ್ತಾರೆ. ಸಂಜೆ ವ್ಯಾಪಾರ ಚೆನ್ನಾಗೇ ಇಳಿದಿದೆ. ಮತ್ತೆ ಹಾಕು ಅಂತ ಅಕ್ಕನ ಮಗ ಪೀಡಿಸ್ತಿದ್ದಾನೆ. ಹಾಕಿದ್ರೆ ನೋಟಿಸ್ ಭಯ, ಹಾಕದಿದ್ರೆ ವ್ಯಾಪಾರ ಇಲ್ಲ. ತಿಳಿದವರು ಹೇಳಿ. ದಯವಿಟ್ಟು ಪಕ್ಷ ರಾಜಕೀಯ ಬೇಡ.

ಗಿರಿನಗರ_ಗಿರಾಕಿ
ಹಾಕಿ ಗುರುಗಳೇ. 'ನೋ ಯುಪಿಐ' ಬೋರ್ಡು ಕಂಡ ಕಡೆ ನಾನು ನಿಲ್ಲೋದೇ ಇಲ್ಲ. ಜೇಬಲ್ಲಿ ನೋಟು ಇಟ್ಟು ಎಷ್ಟು ಕಾಲ ಆಯ್ತೋ.

ಹುಬ್ಬಳ್ಳಿ_ಹುರಿಗಾಳು
ಹಾಕಬೇಡ್ರಿ. ಹಾವೇರಿಯ ತರಕಾರಿ ವ್ಯಾಪಾರಿ ಕಥೆ ಮರೆತ್ರಾ? ನಾಲ್ಕು ವರ್ಷದಲ್ಲಿ 1.63 ಕೋಟಿ ಖಾತೆಗೆ ಬಂದಿದೆ ಅಂತ 29 ಲಕ್ಷದ ನೋಟಿಸ್. ತರಕಾರಿ ಮಾರೋನಿಗೆ! ರೈತರ ಹತ್ತಿರ ತಂದು ಮಾರೋ ತಾಜಾ ತರಕಾರಿಗೆ ಜಿಎಸ್‌ಟಿನೇ ಇಲ್ಲ. ಮೊದಲು ಎಲ್ಲರೂ ಸ್ಕ್ಯಾನರ್ ಹಾಕಿ ಅಂತ ಬೆನ್ನು ತಟ್ಟಿದ್ರು, ಆಮೇಲೆ ಅದೇ ಲೆಕ್ಕ ಹಿಡಿದು ಬಂದ್ರು.

ಲೆಕ್ಕದ_ಮೇಷ್ಟ್ರು
ಜಿಎಸ್‌ಟಿ ರಿಟರ್ನ್ ಹಾಕುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಹಾವೇರಿ ಲೆಕ್ಕ ನೋಡಿ. 1.63 ಕೋಟಿಗೆ 18% ಹಾಕಿದ್ರೆ ಸುಮಾರು 29 ಲಕ್ಷ ಬರುತ್ತೆ. ಅಂದ್ರೆ ಏನು ಮಾರಿದ್ದಾರೆ ಅಂತ ನೋಡದೆ ಖಾತೆಗೆ ಬಂದಿದ್ದಕ್ಕೆಲ್ಲ ಒಂದೇ ದರ ಹಾಕಿದ ಹಾಗೆ ಕಾಣುತ್ತೆ. ಬರೀ ತೆರಿಗೆ ಇಲ್ಲದ ಮಾಲು ಮಾರುವವರು ನೋಂದಣಿ ಮಾಡಿಸುವ ಅಗತ್ಯವೇ ಇಲ್ಲ, ವಹಿವಾಟು ಎಷ್ಟಾದರೂ ಸರಿ. ಅಂಥವರು ನೋಟಿಸ್‌ಗೆ ಖರೀದಿ ಚೀಟಿ ಇಟ್ಟು ಉತ್ತರ ಕೊಟ್ಟರೆ ಮುಗೀತು. ನೋಟಿಸ್ ಅಂದ್ರೆ ಕೊನೆಯ ತೀರ್ಪಲ್ಲ, ವಿವರಣೆ ಕೊಡಿ ಅಂತ ಕೇಳೋದು.

ಆದರೆ ಅಣ್ಣಾ, ನಿಮ್ಮ ಕೇಸು ಬೇರೆ. ನೀವು ಹಾಲಿನ ಜೊತೆ ಸಿಗರೇಟು, ಬಿಸ್ಕತ್ತು ಮಾರ್ತೀರಿ. ತೆರಿಗೆ ಇರೋ ಮಾಲು ಸ್ವಲ್ಪ ಇದ್ರೂ, ನೋಂದಣಿಯ ಮಿತಿ ಲೆಕ್ಕ ಹಾಕುವಾಗ ಒಟ್ಟು ವಹಿವಾಟು ನೋಡ್ತಾರೆ. ಹಾಲಿಗೆ ತೆರಿಗೆ ಇಲ್ಲ, ಆದರೆ ಹಾಲು ಮಾರಿದ ದುಡ್ಡು ಆ ಮಿತಿಯ ಲೆಕ್ಕಕ್ಕೆ ಸೇರುತ್ತೆ. ಬಹಳ ಜನ ಎಡವಿರೋದು ಇಲ್ಲೇ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಮಿತಿ. ಆದರೆ ಸಿಗರೇಟು, ತಂಬಾಕು ಮಾರುವವರಿಗೆ ಆ 40 ಲಕ್ಷ ಸಿಗಲ್ಲ, 20 ಲಕ್ಷವೇ. ದಿನಕ್ಕೆ ಐದೂವರೆ ಸಾವಿರ ವ್ಯಾಪಾರ ಆದ್ರೆ ವರ್ಷಕ್ಕೆ 20 ಲಕ್ಷ ದಾಟ್ತೀರಿ. ಮೊದಲು ಇದನ್ನು ಹೇಳಿ: ದಿನದ ವ್ಯಾಪಾರ ಎಷ್ಟು?

ಕಾಂಡಿಮೆಂಟ್ಸ್_ಅಣ್ಣ
ಮೇಷ್ಟ್ರೇ, ಸ್ಕ್ಯಾನರ್ ಇದ್ದಾಗ 13-14 ಸಾವಿರ ಆಗ್ತಿತ್ತು. ಅದರಲ್ಲಿ ಹಾಲೇ 4 ಸಾವಿರ. ಹಾಲಲ್ಲಿ ಉಳಿಯೋದು ಲೀಟರಿಗೆ ಒಂದೆರಡು ರೂಪಾಯಿ. ಸಿಗರೇಟಲ್ಲೂ ಅಷ್ಟಕ್ಕಷ್ಟೇ. ವಹಿವಾಟು ನೋಡಿ ನಾನು ಶ್ರೀಮಂತ ಅಂದ್ಕೊಂಡ್ರೆ ಹೇಗೆ?

ಕೋಡು_ಬರೆಯೋನು
ನಮ್ಮ ಸಂಬಳ ಕೈಗೆ ಬರೋ ಮೊದಲೇ ಟಿಡಿಎಸ್ ಅಂತ ಆದಾಯ ತೆರಿಗೆ ಹಿಡ್ಕೊಳ್ತಾರೆ. ನಮಗೆ ಯಾರೂ 'ಕ್ಯಾಶಲ್ಲಿ ತಗೊಳ್ಳಿ, ಲೆಕ್ಕ ಬೇಡ' ಅನ್ನಲ್ಲ. ವರ್ಷಕ್ಕೆ 50 ಲಕ್ಷ ವ್ಯಾಪಾರ ಮಾಡಿ ಒಂದು ರೂಪಾಯಿ ಕಟ್ಟಲ್ಲ ಅಂದ್ರೆ ಅದೂ ನ್ಯಾಯ ಅಲ್ಲ. ಕಹಿ ಅನಿಸಬಹುದು, ಹೇಳಬೇಕು ಅನ್ನಿಸ್ತು.

ಬನಶಂಕರಿ_ಬನ್ನು
@ಕೋಡು_ಬರೆಯೋನು ನಿಮ್ಮ 50 ಲಕ್ಷ ಸಂಬಳ, ಅವರ 50 ಲಕ್ಷ ಗಲ್ಲಾಪೆಟ್ಟಿಗೆ ಎರಡೂ ಒಂದೇನಾ ಸ್ವಾಮಿ? ಅದರಲ್ಲಿ ಮಾಲಿನ ದುಡ್ಡು, ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಹೋಗ್ಬೇಕು. ಬೆಳಿಗ್ಗೆ 5ಕ್ಕೆ ಶಟರ್ ಎತ್ತಿ ರಾತ್ರಿ 10ಕ್ಕೆ ಇಳಿಸೋರು ಅವರು.

ಕೋಡು_ಬರೆಯೋನು
ನಾನೂ 5ಕ್ಕೆ ಏಳ್ತೀನಿ, ಅಮೆರಿಕದವರ ಮೀಟಿಂಗಿಗೆ. ಅದಕ್ಕೆ ವಿನಾಯಿತಿ ಇದೆಯಾ?

ಲೆಕ್ಕದ_ಮೇಷ್ಟ್ರು
ಇಬ್ಬರೂ ಎರಡು ತೆರಿಗೆ ಕಲಸಿಬಿಟ್ಟಿದ್ದೀರಿ. ಆದಾಯ ತೆರಿಗೆ ಲಾಭದ ಮೇಲೆ. ಜಿಎಸ್‌ಟಿ ಮಾರಾಟದ ಮೇಲೆ, ಅದು ನಿಜವಾಗಿ ಗಿರಾಕಿ ಕೊಡಬೇಕಾದ ದುಡ್ಡು.

ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗೆ ಡಿಜಿಟಲ್‌ನಿಂದ ಲಾಭವೇ ಇದೆ. ಪುಸ್ತಕ ಬರೆಯದೆ ಅಂದಾಜು ಆದಾಯ ತೋರಿಸುವ ಪದ್ಧತಿಯಲ್ಲಿ ನಗದು ವ್ಯಾಪಾರಕ್ಕೆ 8% ಲಾಭ ಅಂತ ಹಿಡೀತಾರೆ, ಬ್ಯಾಂಕ್ ಮೂಲಕ ಬಂದಿದ್ದಕ್ಕೆ 6%. 50 ಲಕ್ಷ ವಹಿವಾಟಿಗೆ ಒಂದರಲ್ಲಿ 4 ಲಕ್ಷ ಆದಾಯ, ಇನ್ನೊಂದರಲ್ಲಿ 3 ಲಕ್ಷ. ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್, ಅಂದ್ರೆ ತೆರಿಗೆ ಮಾಫಿ ಇರೋದ್ರಿಂದ ಎರಡಕ್ಕೂ ತೆರಿಗೆ ಸೊನ್ನೆ. ಹಾಗಾಗಿ ಅಣ್ಣನ ಸಮಸ್ಯೆ ಆದಾಯ ತೆರಿಗೆ ಅಲ್ಲವೇ ಅಲ್ಲ.

ಜಿಎಸ್‌ಟಿಗೆ ದಾರಿ ಅಂದ್ರೆ ಕಾಂಪೋಸಿಷನ್, ಅಂದ್ರೆ ರಾಜಿ ತೆರಿಗೆ. ವಹಿವಾಟು 1.5 ಕೋಟಿವರೆಗೆ ಇದ್ದವರಿಗೆ ಸಿಗುತ್ತೆ. ಕೊಂಡು ಮಾರುವ ವ್ಯಾಪಾರಿಗೆ 1%, ಅದೂ ತೆರಿಗೆ ಇರೋ ಮಾಲಿನ ಮೇಲೆ ಮಾತ್ರ. ಹಾಲು ಬಿಟ್ಟು ನಿಮ್ಮದು ವರ್ಷಕ್ಕೆ 35 ಲಕ್ಷ ಅಂದ್ಕೊಳ್ಳಿ, 35 ಸಾವಿರ ಆಯ್ತು. ತಿಂಗಳಿಗೆ 3 ಸಾವಿರದ ಒಳಗೆ. ಮೂರು ತಿಂಗಳಿಗೊಮ್ಮೆ ಚಲನ್, ವರ್ಷಕ್ಕೊಂದು ರಿಟರ್ನ್. ಆದರೆ ಗಿರಾಕಿಯಿಂದ ತೆರಿಗೆ ಬೇರೆಯಾಗಿ ತಗೊಳ್ಳೋ ಹಾಗಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಸಿಗಲ್ಲ, ಅಂಗಡಿಯಲ್ಲಿ ಬೋರ್ಡು ಹಾಕಬೇಕು.

ಒಂದು ತೊಡಕು ಇದೆ. ನಿಮ್ಮ ಟೀ.

ಕಾಂಡಿಮೆಂಟ್ಸ್_ಅಣ್ಣ
ಟೀ ಏನ್ ಮಾಡ್ತು ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು
ಟೀಪುಡಿ ಪೊಟ್ಟಣ ಮಾರಿದ್ರೆ ಸರಕು. ಟೀ ಮಾಡಿ ಲೋಟದಲ್ಲಿ ಕೊಟ್ರೆ ಹೋಟೆಲ್ ಸೇವೆ. ಸಿಗರೇಟು ಇಲ್ಲದಿದ್ರೂ ಸೇವೆ ಸೇರಿದ ಮೇಲೆ 40 ಲಕ್ಷದ ಮಿತಿ ಸಿಗೋದು ಕಷ್ಟ, 20 ಲಕ್ಷಕ್ಕೆ ಇಳಿಯುತ್ತೆ. ಹೋಟೆಲ್‌ಗೆ ರಾಜಿ ತೆರಿಗೆ 1% ಅಲ್ಲ, 5%. ಎರಡೂ ಒಂದೇ ಅಂಗಡಿಯಲ್ಲಿ ಇದ್ದಾಗ ಹೇಗೆ ತೋರಿಸಬೇಕು ಅಂತ ಪುಸ್ತಕ, ಬಿಲ್ಲು ನೋಡಿಯೇ ಹೇಳಬೇಕು. ಹತ್ತಿರದ ಸಿಎ ಹತ್ತಿರ ಕೂತು ಮಾತಾಡಿ, ಇಲ್ಲಿ ಬೇಡ.

ಬನಶಂಕರಿ_ಬನ್ನು
ಅಲ್ಲ, 10-15 ರೂಪಾಯಿ ಟೀಗೆ ಇಷ್ಟೆಲ್ಲ ಇದೆ ಅಂತ ಟೀ ಕುಡಿಯೋನಿಗೂ ಗೊತ್ತಿಲ್ಲ, ಮಾಡೋನಿಗೂ ಗೊತ್ತಿಲ್ಲ. ಇದನ್ನು 2017ರ ಜುಲೈ 1ರಂದೇ ಬೀದಿ ಬೀದಿಯಲ್ಲಿ ಹೇಳಬೇಕಿತ್ತು. 'ಜಿಎಸ್‌ಟಿ ತಿಳಿಯಿರಿ' ಅಂತ ಅಭಿಯಾನ ಶುರು ಮಾಡಿದ್ದು ಯಾವಾಗ? ನೋಟಿಸ್ ಹಂಚಿ ಬೆಂಕಿ ಹತ್ತಿದ ಮೇಲೆ.

ಹುಬ್ಬಳ್ಳಿ_ಹುರಿಗಾಳು
ಅದನ್ನೇ ನಾನು ಹೇಳಿದ್ದು. ಒಂದು ಮಾತು ಹೇಳಿ ಮೇಷ್ಟ್ರೇ, ಮೊದಲ ವರ್ಷವೇ ಹೇಳಿದ್ರೆ ಅವರೆಲ್ಲ 1% ಕಟ್ಕೊಂಡು ಹೋಗ್ತಿದ್ರು ಅಲ್ವಾ? 2021-22ರಿಂದ ಸುಮ್ನಿದ್ದು ನಾಲ್ಕು ವರ್ಷದ್ದು ಒಟ್ಟಿಗೆ ಕೇಳಿದ್ದು ಯಾಕೆ?

ಲೆಕ್ಕದ_ಮೇಷ್ಟ್ರು
ಅದು ನ್ಯಾಯವಾದ ಪ್ರಶ್ನೆ. ರಾಜಿ ತೆರಿಗೆ ಹಿಂದಿನ ವರ್ಷಗಳಿಗೆ ಸಿಗಲ್ಲ. ನೋಂದಣಿ ಇಲ್ಲದೆ ಕಳೆದ ವರ್ಷಕ್ಕೆ ಪೂರ್ತಿ ದರ, ಮೇಲೆ ವರ್ಷಕ್ಕೆ 18% ಬಡ್ಡಿ, ದಂಡ. ಅದಕ್ಕೇ ಮೊತ್ತ ಆ ಗಾತ್ರಕ್ಕೆ ಊದಿಕೊಂಡಿದ್ದು. ತಡ ಮಾಡಿದ್ದು ಇಲಾಖೆ, ಬಡ್ಡಿ ಬಿದ್ದಿದ್ದು ವ್ಯಾಪಾರಿಗೆ.

ಗಿರಿನಗರ_ಗಿರಾಕಿ
ಆದರೆ ಕೊನೆಗೆ ಮನ್ನಾ ಆಯ್ತಲ್ಲ? ಟೀ ಅಂಗಡಿಯವರು ಕಪ್ಪು ಪಟ್ಟಿ ಕಟ್ಟಿ ಹಾಲಿಲ್ಲದ ಟೀ ಕೊಟ್ಟಿದ್ದು ನೆನಪಿದೆ. ಜುಲೈ 25ಕ್ಕೆ ಬಂದ್ ಅಂದಿದ್ರು. 23ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಅಂದ್ರು. ಬಂದ್ ವಾಪಸ್ ಆಯ್ತು.

ರಾಜಾಜಿನಗರ_ರಾಯ
ನೋಟಿಸ್ ಕೊಟ್ಟಿದ್ದು ರಾಜ್ಯದ ಇಲಾಖೆ, ಬೈಸಿಕೊಂಡಿದ್ದು ಕೇಂದ್ರ. ಇವರು ಅವರ ಮೇಲೆ, ಅವರು ಇವರ ಮೇಲೆ. ಜಿಎಸ್‌ಟಿ ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ ಹೋಗೋದು ಇಬ್ಬರಿಗೂ ಗೊತ್ತಿತ್ತು.

ಕಾಂಡಿಮೆಂಟ್ಸ್_ಅಣ್ಣ
ರಾಯರೇ, ರಾಜಕೀಯ ಬೇಡ ಅಂದಿದ್ದೆ.

ರಾಜಾಜಿನಗರ_ರಾಯ
ಇಬ್ಬರನ್ನೂ ಬೈದಿದ್ದೀನಿ, ಇನ್ನೇನು ಬೇಕು.

ಆಗುಂಬೆ_ಕಡೆಯವನು
ನಮ್ಮ ಕಡೆ ಈ ಚರ್ಚೆಯೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಟವರ್ ಹೋಗುತ್ತೆ, ಟವರ್ ಹೋದ್ರೆ ಗೂಗಲ್ ಪೇ ಇಲ್ಲ, ಫೋನ್ ಪೇ ಇಲ್ಲ. ಬೆಂಗಳೂರಿಂದ ಪ್ರವಾಸಕ್ಕೆ ಬಂದವರು ನೀರ್ದೋಸೆ ತಿಂದು ಮೊಬೈಲ್ ಎತ್ತಿ ಹಿಡಿದು ಅಂಗಳದಲ್ಲಿ ಓಡಾಡ್ತಾರೆ. 'ಬ್ರೋ, ಎಟಿಎಂ ಎಲ್ಲಿದೆ?' ತೀರ್ಥಹಳ್ಳಿಗೆ ಹೋಗಪ್ಪಾ ಅಂತೀವಿ.

ಇನ್ನು ಅಡಿಕೆ ವಿಷಯ. ಸೊಸೈಟಿಗೆ ಹಾಕಿದ್ರೆ ದುಡ್ಡು ಖಾತೆಗೆ, ಎಲ್ಲ ಬಿಳಿ. ಖಾಸಗಿಯವರು ಮನೆ ಬಾಗಿಲಿಗೆ ಬಂದು ಬಿಲ್ ಇಲ್ಲದೆ ನಗದು ಎಣಿಸಿ ಕೊಡ್ತಾರೆ, ಕೆಲವು ಸಲ ರೇಟೂ ಸ್ವಲ್ಪ ಜಾಸ್ತಿ. ಬೆಳೆದವನಿಗೆ ತನ್ನ ಬೆಳೆ ಮೇಲೆ ಜಿಎಸ್‌ಟಿ ಇಲ್ಲ, ತೆರಿಗೆ ಉಳಿಸೋದು ಕೊಳ್ಳೋ ಆ ಖಾಸಗಿಯವರು. ಎರಡನೇ ನಂಬರ್ ವ್ಯಾಪಾರ ಅಂತ ಎಲ್ಲರಿಗೂ ಗೊತ್ತು. ಲೋಡುಗಟ್ಟಲೆ ಹೋಗುತ್ತೆ. ಅಲ್ಲಿ ಸ್ಕ್ಯಾನರ್ ಇಲ್ಲ, ಹಾಗಾಗಿ ಲೆಕ್ಕವೂ ಸಿಗಲ್ಲ. ಸಿಕ್ಕಿಬಿದ್ದಿದ್ದು ಯಾರು? ಬನ್ ಮಾರೋನು.

ಬನಶಂಕರಿ_ಬನ್ನು
ಇದು ಸರಿಯಾದ ಮಾತು. ಸೈಟು ವ್ಯವಹಾರದಲ್ಲಿ ಅರ್ಧಕ್ಕರ್ಧ ಬ್ಯಾಗಲ್ಲಿ ಬರುತ್ತೆ. ಕಾನೂನಿನ ಪ್ರಕಾರ ಆಸ್ತಿ ವ್ಯವಹಾರದಲ್ಲಿ 20 ಸಾವಿರದಿಂದ ಮೇಲೆ ನಗದು ತಗೊಳ್ಳೋ ಹಾಗಿಲ್ಲ. ಯಾವುದೇ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯೋದೂ ತಪ್ಪು. ಯಾರು ಕೇಳ್ತಾರೆ?

ಕೋಡು_ಬರೆಯೋನು
ದೊಡ್ಡವರು ಕದೀತಾರೆ ಅಂತ ಸಣ್ಣವರೂ ಕದೀಬಹುದಾ?

ಬನಶಂಕರಿ_ಬನ್ನು
ಕದಿಯೋದು ಅನ್ನೋ ಮಾತು ವಾಪಸ್ ತಗೊಳ್ಳಿ. ಬಿಸ್ಕತ್ತು, ಸಿಗರೇಟಿಗೆ ಡಿಸ್ಟ್ರಿಬ್ಯೂಟರ್ ಹತ್ತಿರ ತೆರಿಗೆ ಕೊಟ್ಟೇ ತಂದಿರ್ತಾರೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿದೆ. ಸರ್ಕಾರಕ್ಕೆ ತಪ್ಪಿದ್ದು ಕೊನೆಯ ಆ ಒಂದೆರಡು ರೂಪಾಯಿ ಲಾಭದ ಮೇಲಿನ ತೆರಿಗೆ ಮಾತ್ರ.

ಲೆಕ್ಕದ_ಮೇಷ್ಟ್ರು
ಬಿಲ್ ಇಟ್ಟುಕೊಂಡು ತಂದಿದ್ರೆ ನಿಮ್ಮ ಮಾತು ಸರಿ. ಬಿಲ್ ಇಲ್ಲದೆ ತಂದ ಮಾಲಿಗೆ ಹಾಗೆ ಹೇಳಕ್ಕಾಗಲ್ಲ. ಅದಕ್ಕೇ ನಾನು ಅಂಗಡಿಯವರಿಗೆ ಮೊದಲು ಹೇಳೋದು ಖರೀದಿ ಬಿಲ್ಲು ಎಸೀಬೇಡಿ ಅಂತ. ಎಲ್ಲರೂ ಎಸೀತಾರೆ.

ಸಾಸಿವೆ_ಡಬ್ಬಿ
ಗಂಡಸರೆಲ್ಲ ತೆರಿಗೆ ಅಂತಿದ್ದೀರಿ, ನಾನು ಬೇರೆ ವಿಷಯ ಹೇಳ್ತೀನಿ. ಮನೆಯಲ್ಲಿ ಬ್ಲೌಸ್ ಹೊಲೀತೀನಿ. ಗೃಹಲಕ್ಷ್ಮಿ 2 ಸಾವಿರ ಖಾತೆಗೆ ಬರುತ್ತೆ, ಬಂದ ತಕ್ಷಣ ಬಿಡಿಸಿಕೊಳ್ತೀನಿ. ಹೊಲಿಗೆ ದುಡ್ಡೂ ಕೈಗೇ ಕೊಡಿ ಅಂತೀನಿ. ಯಾಕಂದ್ರೆ ಖಾತೆಯ ಮೆಸೇಜ್ ಹೋಗೋದು ಮನೆಯವರ ಮೊಬೈಲಿಗೆ. ಎಷ್ಟು ಬಂತು, ಎಲ್ಲಿ ಹೋಯ್ತು, ಅದೇನು ತಗೊಂಡೆ, ಪ್ರತಿಯೊಂದಕ್ಕೂ ಪ್ರಶ್ನೆ. ಡಬ್ಬಿಯಲ್ಲಿ ಇಟ್ಟಿದ್ದಕ್ಕೆ ಯಾವ ಮೆಸೇಜೂ ಇಲ್ಲ. ನೋಟು ನಿಲ್ಲಿಸಿ ಅನ್ನೋರು ನಮ್ಮನ್ನೂ ಒಂದು ಸಲ ಕೇಳಿ.

ಗಿರಿನಗರ_ಗಿರಾಕಿ
ಅಕ್ಕಾ, ನಿಮ್ಮ ಹೆಸರಲ್ಲೇ ಬೇರೆ ಸಿಮ್ ತಗೊಂಡು ಬ್ಯಾಂಕಲ್ಲಿ ನಂಬರ್ ಬದಲಾಯಿಸಿ.

ಸಾಸಿವೆ_ಡಬ್ಬಿ
ಆ ಸಿಮ್ ಹಾಕೋ ಮೊಬೈಲ್ ಯಾರ ಕೈಲಿರುತ್ತೆ ತಮ್ಮಾ?

ದಾವಣಗೆರೆ_ಬೆಣ್ಣೆ
ನೋಟು ನಿಲ್ಲೋ ಲಕ್ಷಣವೂ ಇಲ್ಲ ಬಿಡಿ. 2016ರ ನವೆಂಬರ್ 8ಕ್ಕೆ ನೋಟು ರದ್ದಾದಾಗ ಚಲಾವಣೆಯಲ್ಲಿ ಇದ್ದಿದ್ದು ಸುಮಾರು 18 ಲಕ್ಷ ಕೋಟಿ. ಈಗ ಅದರ ಎರಡರಷ್ಟು, 36 ಲಕ್ಷ ಕೋಟಿ ದಾಟಿದೆ. ಯುಪಿಐ ಕೂಡ 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 2 ಸಾವಿರ ಕೋಟಿ ವ್ಯವಹಾರ ದಾಟಿತು, ರೂಪಾಯಿ ಅಲ್ಲ, ವ್ಯವಹಾರಗಳ ಸಂಖ್ಯೆ. ಎರಡೂ ಒಟ್ಟಿಗೆ ಬೆಳೀತಿವೆ. ಟೀ ಅಂಗಡಿಯಲ್ಲಿ ಸ್ಕ್ಯಾನ್, ಬೀರುವಿನಲ್ಲಿ ನೋಟು.

ಚಿಲ್ಲರೆ_ಕಂಡಕ್ಟರ್
ಬಸ್ಸಿನವನಾಗಿ ಹೇಳ್ತೀನಿ. ಯುಪಿಐ ಬಂದ ಮೇಲೆ ಚಿಲ್ಲರೆ ಜಗಳ ಅರ್ಧ ನಿಂತಿದೆ. ಮೊದಲು ಟಿಕೆಟ್ ಹಿಂದೆ 'ಬಾಕಿ 5' ಅಂತ ಬರೆದು, ಇಳಿಯುವಾಗ ಕೊಡ್ತೀನಿ ಅಂದು, ಅವರು ಮರೆತು ಇಳಿದು, ಆಮೇಲೆ ನಮಗೆ ಬೈಗುಳ. ಈಗ ಸ್ಕ್ಯಾನ್ ಮಾಡಿ ಅಂತೀನಿ. ಆದರೆ ತುಂಬಿದ ಬಸ್ಸಲ್ಲಿ ಒಬ್ಬನ ನೆಟ್‌ವರ್ಕ್ ಸುತ್ತುತ್ತಾ ಇದ್ರೆ ಹಿಂದಿನ ಹತ್ತು ಜನ ಟಿಕೆಟ್ ಇಲ್ಲದೆ ನಿಂತಿರ್ತಾರೆ. ಅಷ್ಟರಲ್ಲಿ ಚೆಕಿಂಗ್ ಬಂದ್ರೆ ನನ್ನ ಕಥೆ ಮುಗೀತು.

ಬನಶಂಕರಿ_ಬನ್ನು
ಚಿಲ್ಲರೆ ಬದಲು ಚಾಕ್ಲೇಟ್ ಕೊಡೋ ಕಾಲ ಹೋಯ್ತು ಅನ್ನೋದೊಂದೇ ಸಮಾಧಾನ. ಕಾಂಡಿಮೆಂಟ್ಸ್ ಅಣ್ಣ ಮತ್ತೆ ಶುರು ಮಾಡಿರ್ತಾರೆ.

ಕಾಂಡಿಮೆಂಟ್ಸ್_ಅಣ್ಣ
ಮಾಡಿದ್ದೀನಿ. ಎಲ್ಲರೂ 500ರ ನೋಟು ತಂದು ಒಂದು ಸಿಗರೇಟು ಕೇಳ್ತಾರೆ, ಏನ್ ಮಾಡ್ಲಿ.

ಮೈಸೂರು_ಮೊಬೈಲ್_ಅಂಗಡಿ
ಸ್ಕ್ಯಾನರ್ ಹಾಕಿದ್ರೆ ಬರೀ ತೆರಿಗೆ ಚಿಂತೆ ಅಲ್ಲ. ನನ್ನ ಖಾತೆ ಒಂದು ಸಲ ಇದ್ದಕ್ಕಿದ್ದ ಹಾಗೆ ಫ್ರೀಜ್ ಆಯ್ತು. ಯಾರೋ ಗಿರಾಕಿ ಚಾರ್ಜರ್ ತಗೊಂಡು ಕೊಟ್ಟ ದುಡ್ಡು ಯಾವುದೋ ಸೈಬರ್ ವಂಚನೆಯದ್ದಂತೆ. ದೂರು ಆಗಿದ್ದು ಬೇರೆ ರಾಜ್ಯದಲ್ಲಿ. ಬ್ಯಾಂಕಿನವರು ಪೊಲೀಸರ ಕಡೆ ಕೈ ತೋರಿಸಿದ್ರು, ಪೊಲೀಸರು ಮೇಲ್ ಹಾಕಿ ಅಂದ್ರು. ಬಿಲ್ ಇದ್ದಿದ್ದಕ್ಕೆ ಬಚಾವ್. ಆ ಚಾರ್ಜರ್ ಬಿಲ್ ಕಳಿಸಿದ ಮೇಲೇ ಖಾತೆ ಬಿಟ್ಟಿದ್ದು. ಅಷ್ಟು ದಿನ ಡಿಸ್ಟ್ರಿಬ್ಯೂಟರ್‌ಗೆ ಚೆಕ್ ಕೊಡಕ್ಕಾಗಲಿಲ್ಲ.

ಇನ್ನೊಂದು, ನಕಲಿ ಸ್ಕ್ರೀನ್‌ಶಾಟ್. ನಕಲಿ ಆ್ಯಪೇ ಇದೆ, ಹಸಿರು ಟಿಕ್ ತೋರಿಸುತ್ತೆ. ಸೌಂಡ್‌ಬಾಕ್ಸ್ ಕೂಗದೆ ಮಾಲು ಕೊಡಬೇಡಿ. ರಾತ್ರಿ ಶಟರ್ ಹಾಕುವ ಮೊದಲು ಹೊರಗಿನ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿಲ್ಲ ಅಂತ ಸವರಿ ನೋಡಿ.

ಹುಬ್ಬಳ್ಳಿ_ಹುರಿಗಾಳು
ಸೌಂಡ್‌ಬಾಕ್ಸ್ ತಿಂಗಳ ಬಾಡಿಗೆ ಯಾರಪ್ಪ ಕೊಡೋದು? ಯುಪಿಐ ಫ್ರೀ ಅಂತ ಹೇಳಿ ಡಬ್ಬಿಗೆ ಬಾಡಿಗೆ ಕೀಳ್ತಾರೆ. ನಾಳೆ ವ್ಯವಹಾರಕ್ಕೂ ಚಾರ್ಜ್ ಹಾಕ್ತಾರೆ ನೋಡಿ.

ದಾವಣಗೆರೆ_ಬೆಣ್ಣೆ
ಬ್ಯಾಂಕ್ ಖಾತೆಯಿಂದ ಬರೋ ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕ ಇಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕೊಡೋರದ್ದು ಬೇರೆ, ದೊಡ್ಡ ಮೊತ್ತಕ್ಕೆ ವ್ಯಾಪಾರಿಗೆ ಕಡಿತ ಇರುತ್ತೆ. ಬೇಡ ಅಂದ್ರೆ ಕ್ರೆಡಿಟ್ ಕಾರ್ಡ್ ಆಫ್ ಮಾಡಿಸಬಹುದು.

ಫ್ರಾಂಕ್‌ಫರ್ಟ್_ಕನ್ನಡಿಗ
ಇಲ್ಲಿ ಜರ್ಮನಿಯಲ್ಲಿ ಕೂತು ಇದನ್ನು ಓದಿ ನಗು ಬರ್ತಿದೆ. ಇಲ್ಲಿ ಇವತ್ತಿಗೂ ಎಷ್ಟೋ ಬೇಕರಿ, ಹೋಟೆಲ್‌ಗಳಲ್ಲಿ 'ನಗದು ಮಾತ್ರ' ಬೋರ್ಡು. ಊರಿಂದ ಬಂದ ಅಪ್ಪ 'ಇದೇನೋ, ಮಲ್ಲೇಶ್ವರದ ಸೊಪ್ಪಿನವಳ ಹತ್ತಿರ ಇರೋದು ಇಲ್ಲಿ ಇಲ್ವಾ' ಅಂದ್ರು.

ಆದರೆ ನಗದು ಅಂದ್ರೆ ಲೆಕ್ಕ ಇಲ್ಲ ಅಂತ ಅಲ್ಲ. ಗಲ್ಲಾ ಯಂತ್ರ ಇಟ್ಟವರಿಗೆ 2020ರ ಜನವರಿಯಲ್ಲಿ ಪ್ರತಿ ಮಾರಾಟಕ್ಕೂ ರಸೀದಿ ಕಡ್ಡಾಯ ಮಾಡಿದ್ರು. ಒಂದು ಬನ್ ತಗೊಂಡ್ರೂ ಚೀಟಿ ಕೊಡಬೇಕು. ಬೇಕರಿಯವರು ಕಾಗದ ದಂಡ ಅಂತ ಆಗ ಭಾರೀ ಕೂಗಾಡಿದ್ರು. ಗಲ್ಲಾ ಯಂತ್ರದೊಳಗೇ ತಿದ್ದಲಾಗದ ಲೆಕ್ಕದ ಸಾಧನ ಇರಬೇಕು. ಅಂದ್ರೆ ಇವರು ಹಿಡಿದಿದ್ದು ಮಾರಾಟವನ್ನ, ದುಡ್ಡು ಬಂದ ದಾರಿಯನ್ನಲ್ಲ. ನಮ್ಮಲ್ಲಿ ಯುಪಿಐ ಲೆಕ್ಕ ಸುಲಭವಾಗಿ ಸಿಕ್ತು ಅಂತ ಅದನ್ನೇ ಮಾರಾಟ ಅಂದುಬಿಟ್ರು. ಭಾವ ಕಳಿಸಿದ ಕೈಸಾಲವೂ ಮಾರಾಟ, ಚೀಟಿ ಫಂಡಿನ ದುಡ್ಡೂ ಮಾರಾಟ.

ರಾಜಾಜಿನಗರ_ರಾಯ
ಚೀಟಿ ದುಡ್ಡು! ನಮ್ಮ ಬೀದಿಯ ಅರ್ಧ ಅಂಗಡಿಯವರ ಸಮಸ್ಯೆ ಇದೇ. ಮನೆ ಖಾತೆ, ಅಂಗಡಿ ಖಾತೆ ಒಂದೇ.

ಲೆಕ್ಕದ_ಮೇಷ್ಟ್ರು
ಹೌದು. ಅಂಗಡಿಗೆ ಬೇರೆ ಚಾಲ್ತಿ ಖಾತೆ ಮಾಡಿ, ಅದರ ಕ್ಯೂಆರ್ ಮಾತ್ರ ಹೊರಗೆ ಹಾಕಿ. ಹಳೇದರಲ್ಲಿ ಕೈಸಾಲ, ಚೀಟಿ ಬಂದಿದ್ರೆ ಯಾರಿಂದ, ಯಾಕೆ ಅಂತ ಪಕ್ಕದಲ್ಲಿ ಪೆನ್ನಲ್ಲಿ ಬರೆದಿಡಿ. ಸ್ಕ್ಯಾನರ್ ತೆಗೆದ್ರೆ ತೆರಿಗೆ ಹೋಯ್ತು ಅಂದ್ಕೊಳ್ಳಬೇಡಿ, ಅಣ್ಣಾ. ನಗದು ತಗೊಂಡ್ರೂ, ಯುಪಿಐ ತಗೊಂಡ್ರೂ ತೆರಿಗೆ ಒಂದೇ ಅಂತ ಇಲಾಖೆ ಆಗಲೇ ಹೇಳಿದೆ. ಡಿಸ್ಟ್ರಿಬ್ಯೂಟರ್ ನಿಮಗೆ ಎಷ್ಟು ಮಾಲು ಹಾಕಿದ್ದಾರೆ ಅನ್ನೋದು ಅವರ ಪುಸ್ತಕದಲ್ಲಿ ಇರುತ್ತೆ.

ಆಗುಂಬೆ_ಕಡೆಯವನು
ಸ್ಕ್ಯಾನರ್‌ಗೆ ಒಂದು ಒಳ್ಳೆ ಮಾತೂ ಸೇರಿಸ್ತೀನಿ. ನಮ್ಮೂರಿನ ಹೂವಿನವಳಿಗೆ ಪಿಎಂ ಸ್ವನಿಧಿ ಅನ್ನೋ ಬೀದಿ ವ್ಯಾಪಾರಿಗಳ ಸಾಲ ಯೋಜನೆಯಲ್ಲಿ ಮೊದಲು 10 ಸಾವಿರ ಸಿಕ್ತು, ತೀರಿಸಿದ ಮೇಲೆ 20 ಸಾವಿರ. ಸ್ಕ್ಯಾನ್ ವ್ಯವಹಾರಕ್ಕೆ ಸ್ವಲ್ಪ ಕ್ಯಾಶ್‌ಬ್ಯಾಕ್ ಕೂಡ ಬಂತು. ಮೊದಲು ಮೀಟರ್ ಬಡ್ಡಿಯವನ ಹತ್ತಿರ ಬೆಳಿಗ್ಗೆ ತಗೊಂಡು ಸಂಜೆ ಕಟ್ತಿದ್ಲು.

ಕೋಡು_ಬರೆಯೋನು
ಸರಿ, ನಾನೂ ಸ್ವಲ್ಪ ಇಳೀತೀನಿ. ಲಾಭ ಇಷ್ಟು ಕಡಿಮೆ ಇರೋ ಕಡೆ 40 ಲಕ್ಷ ಅನ್ನೋ ಮಿತಿ ಚಿಕ್ಕದೇ. ಹಾಲಿನಂಥ ತೆರಿಗೆ ಇಲ್ಲದ ಮಾಲನ್ನು ಅದರಿಂದ ಬಿಡಬೇಕು. ಆದರೆ 'ಲೆಕ್ಕವೇ ಬೇಡ, ಕ್ಯಾಶ್ ಕೊಡಿ' ಅನ್ನೋದನ್ನು ಒಪ್ಪಲ್ಲ.

ಬನಶಂಕರಿ_ಬನ್ನು
ಅರ್ಧ ದಾರಿಗೆ ಬಂದ್ರಲ್ಲ, ಅಷ್ಟು ಸಾಕು.

ಕಾಂಡಿಮೆಂಟ್ಸ್_ಅಣ್ಣ
ಎಲ್ಲರಿಗೂ ಥ್ಯಾಂಕ್ಸ್. ಕೊನೆಯದಾಗಿ ಒಂದು. ಅಕ್ಕನ ಮಗ ಇನ್ನೊಂದು ಐಡಿಯಾ ಹೇಳ್ತಿದ್ದಾನೆ. ನನ್ನ ಹೆಸರಲ್ಲಿ ಒಂದು ಸ್ಕ್ಯಾನರ್, ಹೆಂಡತಿ ಹೆಸರಲ್ಲಿ ಒಂದು. ಬೆಳಿಗ್ಗೆ ಅದು, ಸಂಜೆ ಇದು. ಇಬ್ಬರದ್ದೂ ಮಿತಿ ಒಳಗೇ ಉಳಿಯುತ್ತೆ ಅಂತ. ನಡೆಯುತ್ತಾ?

ಲೆಕ್ಕದ_ಮೇಷ್ಟ್ರು
ನಡೆಯಲ್ಲ. ಒಂದೇ ಅಂಗಡಿ, ಒಂದೇ ಬಾಡಿಗೆ ಕರಾರು, ಒಂದೇ ಟ್ರೇಡ್ ಲೈಸೆನ್ಸ್. ಎರಡು ಕ್ಯೂಆರ್ ಇದ್ರೂ ವ್ಯಾಪಾರ ಒಬ್ಬರದ್ದೇ. ಸಿಕ್ಕಿಬಿದ್ರೆ ಗೊತ್ತಿಲ್ಲದೆ ಆಯ್ತು ಅನ್ನೋ ಮಾತೂ ಹೋಗುತ್ತೆ, ಬೇಕಂತಲೇ ಮುಚ್ಚಿಟ್ಟಿದ್ದು ಅಂತಾರೆ, ಆಗ ದಂಡವೇ ಬೇರೆ. ಮನೆಯವರ ಖಾತೆಯನ್ನು ಇದರಲ್ಲಿ ಎಳೀಬೇಡಿ.

ಸಿಎ ಹತ್ತಿರ ಹೋಗುವಾಗ ಪ್ಯಾನ್, ಆಧಾರ್, ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಹೋಗಿ. ಸಿಗರೇಟು, ಬಿಸ್ಕತ್ತು ಡಿಸ್ಟ್ರಿಬ್ಯೂಟರ್ ಹತ್ತಿರ ಹಳೇ ಬಿಲ್ಲಿನ ಪ್ರತಿ ಕೇಳಿ, ಕೊಡ್ತಾರೆ. ಟೀ ದಿನಕ್ಕೆ ಎಷ್ಟು ಲೋಟ ಹೋಗುತ್ತೆ ಅಂತ ಒಂದು ವಾರ ಬರೆದಿಟ್ಟುಕೊಳ್ಳಿ. ಅವರು ಮೊದಲು ಕೇಳೋದೇ ಅದನ್ನ.

ಕಾಂಡಿಮೆಂಟ್ಸ್_ಅಣ್ಣ
ಸರಿ ಮೇಷ್ಟ್ರೇ. ಲೋಟ ಎಣಿಸೋ ಕೆಲಸ ಅಕ್ಕನ ಮಗನಿಗೇ ಕೊಡ್ತೀನಿ, ಐಡಿಯಾ ಹೇಳೋದು ನಿಲ್ಲುತ್ತೆ.

ಹುಬ್ಬಳ್ಳಿ_ಹುರಿಗಾಳು
ಇಷ್ಟೆಲ್ಲ ಹೇಳಿದ ಮೇಲೂ ನನ್ನ ಓಟು ಕ್ಯಾಶಿಗೇ ರೀ.